ಲೀಲಾವತಮ್ಮನವರನ್ನು ನೋಡಲು ನೆಲಮಂಗಲಕ್ಕೆ ಹೋದ ದಿನ

2023ರ ಡಿಸೆಂಬರ್ 8ರ ಸಂಜೆ ನಟಿ ಲೀಲಾವತಿಯವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ಚಪಾತಿ ಲಟ್ಟಿಸುತ್ತಿದ್ದ ಅಮ್ಮ ಹಾಗೇ ಬಿಟ್ಟು ಬಂದು ಕೂತರು. "ಬೆಳಿಗ್ಗೆ ನೆಲಮಂಗಲಕ್ಕೆ ಹೋಗಿ ಬರೋಣ ಕಣೋ" ಅಂದರು. ಮರುದಿನ ಅಂಬೇಡ್ಕರ್ ಮೈದಾನದಲ್ಲಿ ಅಂತಿಮ ದರ್ಶನಕ್ಕೆ ಇಟ್ಟಿದ್ದರು. ನಾವು ಹೋಗುವಷ್ಟರಲ್ಲಿ ಸಾಲು ಉದ್ದಕ್ಕೆ ಬೆಳೆದಿತ್ತು.

ಅಮ್ಮನಿಗೆ ಅವರು 'ಗೆಜ್ಜೆಪೂಜೆ'ಯ ತಾಯಿ. ತನ್ನ ಪಾಡು ಮಗಳಿಗೆ ಬರಬಾರದು ಎಂದು ಒದ್ದಾಡುವ ಆ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ ಅಂತ ರಾಜ್ಯ ಪ್ರಶಸ್ತಿ ಬಂದಿತ್ತು. ಅದಕ್ಕೂ ಮುಂಚೆ 'ರಾಣಿ ಹೊನ್ನಮ್ಮ', 'ಕುಲವಧು', 'ಮನ ಮೆಚ್ಚಿದ ಮಡದಿ' ಎಲ್ಲದರಲ್ಲೂ ರಾಜ್‌ಕುಮಾರ್ ಎದುರು ನಾಯಕಿ. ಬೆಳ್ತಂಗಡಿಯ ಹುಡುಗಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡವರು. ಮಹಾಲಿಂಗ ಭಾಗವತರ ನಾಟಕ ಕಂಪನಿ, ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ, ಹೀಗೆ ಮೇಲೆ ಬಂದರು. ಆಮೇಲೆ ತಾಯಿ, ಅತ್ತೆ, ಅಜ್ಜಿ. ಸಾಲಿನಲ್ಲಿ ನಿಂತು ಅಮ್ಮ ಇದನ್ನೆಲ್ಲ ಹೇಳುತ್ತಲೇ ಇದ್ದರು.

ನಮ್ಮ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಕಾಕಡ ಹೂವು. ಬಿಸಿಲಿಗೆ ಬಾಡಬಾರದು ಅಂತ ಸೆರಗಿನ ಒಳಗೆ ಇಟ್ಟುಕೊಂಡಿದ್ದರು. ಲೀಲಾವತಮ್ಮನ ಯಾವ ಸಿನಿಮಾ ಇಷ್ಟ ಅಂತ ಅಮ್ಮ ಕೇಳಿದರು.

"ಸಿನಿಮಾ ನಾನೆಲ್ಲಿ ನೋಡ್ದೆ ತಾಯಿ? ನಮ್ಮ ಹಸಾ ಕರಾಗೆ ಆಸ್ಪತ್ರೆ ಕಟ್ಸವ್ರಲ್ಲ, ಅದಕ್ಕೆ ಬಂದೆ."

ನೆಲಮಂಗಲದ ಹತ್ತಿರದ ಸೋಲದೇವನಹಳ್ಳಿ ಕಡೆ ಲೀಲಾವತಮ್ಮ, ಮಗ ವಿನೋದ್ ರಾಜ್ ತೋಟ ಮಾಡಿಕೊಂಡು ಬದುಕಿದ್ದರು. ಮೊದಲು ಜನರಿಗೆ ಅಂತ ಆಸ್ಪತ್ರೆ ಕಟ್ಟಿಸಿಕೊಟ್ಟರು. ಆಮೇಲೆ ಪಶು ಆಸ್ಪತ್ರೆ. ಅದರ ಉದ್ಘಾಟನೆ ಆಗಿದ್ದು ನವೆಂಬರ್ ಕೊನೆಯಲ್ಲಿ, ಅವರು ಹೋಗುವುದಕ್ಕೆ ಕೆಲವೇ ದಿನ ಮೊದಲು. ಏಳಲೂ ಆಗದ ಸ್ಥಿತಿಯಲ್ಲಿದ್ದರೂ ಅದೊಂದು ಕೆಲಸ ಮುಗಿಯಲಿ ಅಂತಲೇ ಕಾದಿದ್ದರೇನೋ ಅನಿಸುತ್ತದೆ ನನಗೆ.

ಹಸು ಸಾಕಿದವರಿಗೆ ಗೊತ್ತು. ಕೆಚ್ಚಲು ಬಾವು ಬಂದರೆ ಡೇರಿಯಲ್ಲಿ ಹಾಲು ತಗೊಳ್ಳೋದಿಲ್ಲ. ಕರು ಅಡ್ಡ ಸಿಕ್ಕಿಕೊಂಡರೆ ಡಾಕ್ಟರು ಬರುವ ತನಕ ಮನೆಮಂದಿಗೆಲ್ಲ ಜೀವ ಕೈಯಲ್ಲಿ. ಟೆಂಪೊ ಮಾಡಿ ದೂರ ಸಾಗಿಸೋಣ ಅಂದರೆ ಬಾಡಿಗೆಯೇ ಎರಡು ವಾರದ ಹಾಲಿನ ದುಡ್ಡು ತಿಂದುಬಿಡುತ್ತದೆ. ಆ ಅಜ್ಜಿಗೆ ಸಿನಿಮಾ ಬೇಕಿರಲಿಲ್ಲ, ಈ ಕಷ್ಟ ತಿಳಿದವರು ಬೇಕಿತ್ತು.

ಪಶು ಆಸ್ಪತ್ರೆ ಕಟ್ಟಿಸಲು ಲೀಲಾವತಮ್ಮ ಮಾರಿದ್ದು ಚೆನ್ನೈನ ಜಮೀನು. ಆಗೆಲ್ಲ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದೇ ಮದ್ರಾಸಿನ ಸ್ಟುಡಿಯೋಗಳಲ್ಲಿ. ನಮ್ಮ ಕಲಾವಿದರು ಅಲ್ಲೇ ಮನೆ ಮಾಡಿಕೊಂಡಿದ್ದರು. 600ಕ್ಕೂ ಹೆಚ್ಚು ಸಿನಿಮಾ ಮಾಡಿದರೂ ಪೋಷಕ ನಟಿಯ ಸಂಭಾವನೆ ಅಂದರೆ ಹೀರೋಗಳ ಹಾಗಲ್ಲ. ದಿನಗಟ್ಟಲೆ ಬಣ್ಣ ಹಚ್ಚಿ ಅತ್ತು ನಕ್ಕು ದುಡಿದ ಊರಿನ ಆಸ್ತಿ ಅದು. ಅದನ್ನು ಕೊಟ್ಟು ಹಳ್ಳಿಯ ದನಕರುಗಳಿಗೆ ಸೂರು ಮಾಡಿದರು. ಕೋಟಿಗಟ್ಟಲೆ ಇದ್ದವರು ಸ್ವಲ್ಪ ಕೊಡೋದಕ್ಕಿಂತ ಇದು ದೊಡ್ಡದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮ ಸರದಿ ಬಂದಾಗ ಪೊಲೀಸರು ನಿಲ್ಲಲು ಬಿಡಲಿಲ್ಲ. "ಬೇಗ ಬೇಗ" ಅನ್ನುತ್ತಿದ್ದರು. ಅಜ್ಜಿ ಮಾತ್ರ ನಿಧಾನವಾಗಿ ಎಲೆ ಬಿಚ್ಚಿ, ಹೂವು ಇಟ್ಟೇ ಮುಂದೆ ಹೋದರು. ಅಮ್ಮ ಕೈ ಮುಗಿದರು. ಅಲ್ಲಿಂದ ಪಾರ್ಥಿವ ಶರೀರ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೆ ಹೋಯಿತು, ಸಂಜೆ ಅವರದೇ ತೋಟದಲ್ಲಿ ಅಂತ್ಯಕ್ರಿಯೆ ಆಯಿತು.

ಹೊರಗೆ ಬಂದ ಮೇಲೆ ಅಜ್ಜಿ ಬಸ್ಸಿಗೆ ಕಾಯುತ್ತಾ ಅಮ್ಮನ ಹತ್ತಿರ ಒಂದು ಮಾತು ಕೇಳಿದರು. "ಆಯಮ್ಮ ಇರೋಗಂಟ ಹೇಳಿ ಕೇಳಿ ಮಾಡುಸ್ತಿದ್ರು. ಇನ್ನು ಡಾಕ್ಟ್ರು, ಔಸ್ದಿ ಎಲ್ಲ ಸರಿಯಾಗಿರ್ತದಾ?"

ಅದಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರ. ಕಟ್ಟಡವನ್ನಂತೂ ಅವರು ಕೊಟ್ಟಾಯಿತು ಅಲ್ವಾ?