ತಂತಿಗೆ ಚುಚ್ಚಿದ ಬಿಲ್ಲುಗಳು

ನಿನ್ನೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ಹೊತ್ತಿಗೆ ಟಿಕೆಟ್ ಇದ್ದ ಮೇಲ್ ಸಿಗಲೇ ಇಲ್ಲ. ಆಫರ್ ಮೇಲ್‌ಗಳ ರಾಶಿ ಕೆದಕ್ತಾ ನಿಂತಿದ್ದೆ. ಕಂಡಕ್ಟರ್ ನೋಡೋವಷ್ಟು ನೋಡಿ, "ನಿಧಾನಕ್ಕೆ ಹುಡುಕಿ ಸಾರ್, ಮೈಸೂರು ಬರೋದ್ರೊಳಗೆ ಸಿಕ್ರೆ ಸಾಕು" ಅಂದ್ರು.

ಇವತ್ತು ಮೊಬೈಲ್ ಹಿಡಿದು ಕೂತು ಬೇಕಾದ ಮೇಲ್‌ಗಳನ್ನೆಲ್ಲ ಎವರ್‌ನೋಟ್ ಅನ್ನೋ ಟಿಪ್ಪಣಿ ಆ್ಯಪ್‌ಗೆ ಸಾಗಿಸಿದೆ. ಅದು ನಮ್ಮ ಖಾತೆಗೇ ಅಂತ ಒಂದು ಈಮೇಲ್ ವಿಳಾಸ ಕೊಡುತ್ತೆ. ನೆನಪಲ್ಲಿ ಉಳಿಯೋ ಜಾತಿಯದಲ್ಲ, ಕಾಂಟ್ಯಾಕ್ಟ್‌ನಲ್ಲಿ 'ಡಬ್ಬಿ' ಅಂತ ಸೇವ್ ಮಾಡ್ಕೊಂಡೆ. ಅಲ್ಲಿಗೆ ಫಾರ್ವರ್ಡ್ ಮಾಡಿ, ಸಬ್ಜೆಕ್ಟ್ ಕೊನೆಗೆ @ಪ್ರಯಾಣ ಅಂತ ಸೇರಿಸಿದ್ರೆ ಸೀದಾ ಆ್ಯಪ್‌ನಲ್ಲಿ ನಾನು ಮಾಡಿಟ್ಟ 'ಪ್ರಯಾಣ' ನೋಟ್‌ಬುಕ್‌ಗೇ ಹೋಗಿ ಕೂರುತ್ತೆ.

ಅಮ್ಮ ಕರೆಂಟ್ ಬಿಲ್ಲುಗಳನ್ನ ತಂತಿಗೆ ಚುಚ್ಚಿ ಅಡುಗೆಮನೆ ಮೊಳೆಗೆ ನೇತುಹಾಕ್ತಿದ್ಲು. ಕೇಳಿದ್ದನ್ನ ಕಣ್ಣುಮುಚ್ಚಿ ಎಳೆದು ಕೊಡೋಳು. ನನ್ನ ಡಬ್ಬಿಗೆ ಸಂಜೆಯೊಳಗೆ 37 ಮೇಲ್ ಬಿದ್ದಿವೆ. ಒಂದನ್ನೂ ಇನ್ನೂ ತೆಗೆದು ನೋಡಿಲ್ಲ.