ಕಿಟಕಿ ಇಲ್ಲದ ಹಡಗು

ವಿಶಾಖಪಟ್ಟಣಕ್ಕೆ ಹೋಗಿದ್ದೇ ಅಲ್ಲಿ ದಡದ ಮೇಲೆ ಮ್ಯೂಸಿಯಂ ಆಗಿರೋ ಸಬ್‌ಮರೀನ್ ನೋಡೋಕೆ. ತಲುಪಿದ್ದು ಸೋಮವಾರ. ಸೋಮವಾರ ಅದಕ್ಕೆ ರಜೆ ಅನ್ನೋದು ಗೇಟಿನ ಮುಂದೆ ನಿಂತಾಗಲೇ ಗೊತ್ತಾಗಿದ್ದು, ಮೊದಲೇ ನೋಡಿಕೊಳ್ಳದೆ ಇದ್ದದ್ದು ನನ್ನದೇ ತಪ್ಪು. ಇಡೀ ಸಂಜೆ ಆರ್.ಕೆ. ಬೀಚಿನ ಮರಳಲ್ಲಿ ಕೂತು ಹೊರಗಿಂದಲೇ ಅದನ್ನು ನೋಡಿದೆವು. ಆರು ವರ್ಷದ ಮಗ ಮಾತ್ರ ತುಂಬಾ ಹೊತ್ತು ಕಣ್ಣು ಕಿರಿದು ಮಾಡಿ ನೋಡ್ತಾ ಇದ್ದ. ಏನೋ ಅಂದರೆ, "ಕಿಟಕಿ ಹುಡುಕ್ತಾ ಇದೀನಮ್ಮ, ಒಂದೂ ಇಲ್ಲ" ಅಂದ.

ಅವನು ಊರಿಂದ ಬರುವಾಗಲೇ ಕಿಟಕಿ ಪಕ್ಕದ ಸೀಟು ತನಗೇ ಬೇಕು ಅಂತ ಅಕ್ಕನ ಹತ್ತಿರ ಜಗಳ ಆಡಿ ಗೆದ್ದಿದ್ದ. ರೈಲಿನದಲ್ಲ, ಸಬ್‌ಮರೀನಿನದು.

ಮಂಗಳವಾರ ಒಳಗೆ ಹೋದೆವು. ಇದರ ಹೆಸರು ಐಎನ್‌ಎಸ್ ಕುರ್ಸುರಾ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1969ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿ ಆಯಿತು. ಮಾರನೇ ವರ್ಷವೇ ದಡಕ್ಕೆ ಎಳೆದು ತಂದು ಮ್ಯೂಸಿಯಂ ಮಾಡಿದರು. ಉದ್ದ 91 ಮೀಟರ್, ಅಂದರೆ ಹೊರಗಿಂದ ಭಾರೀ. ಒಳಗೆ ಕಾಲಿಟ್ಟರೆ ಎಲ್ಲಿ ಹೋಯಿತು ಆ ಜಾಗ ಎಲ್ಲ ಅನಿಸುತ್ತೆ. ಎರಡೂ ಕಡೆ ಪೈಪು, ವಾಲ್ವು, ಗಡಿಯಾರದಂಥ ಮೀಟರುಗಳು, ನಡುವೆ ಒಬ್ಬರು ನಡೆಯೋಷ್ಟು ದಾರಿ. ಒಂದು ಭಾಗದಿಂದ ಇನ್ನೊಂದಕ್ಕೆ ಬಗ್ಗಿಕೊಂಡೇ ದಾಟಬೇಕು. ನಾನು ಎರಡು ಸಲ ತಲೆ ಹೊಡೆಸಿಕೊಂಡೆ, ಮಕ್ಕಳು ಇಲಿಮರಿಗಳ ಥರ ನುಸುಳಿ ಮುಂದೆ ಹೋಗೇಬಿಟ್ಟರು.

ಒಳಗೆ ವಿವರಿಸಿದವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಟಾರ್ಪಿಡೊ, ಅಂದರೆ ನೀರೊಳಗೆ ಹೋಗಿ ಹಡಗಿಗೆ ಬಡಿಯೋ ಸಿಡಿಗುಂಡು, ಅದನ್ನು ಬಿಡೋ ಟ್ಯೂಬುಗಳ ಹತ್ತಿರ ಗತ್ತಿನಿಂದ ಶುರು ಮಾಡಿದರು, ಮಗ ನಡುವೆಯೇ ಕೇಳಿದ, "ಅಂಕಲ್, ಕಿಟಕಿ ಎಲ್ಲಿ?" ಅವರು ಜೋರಾಗಿ ನಕ್ಕುಬಿಟ್ಟರು. "ಕಿಟಕಿ ಇಟ್ಟರೆ ಸಮುದ್ರ ಒಳಗೆ ಬರುತ್ತೆ ಬಾಬು!"

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ನಾವು ಉಸಿರಾಡೋ ಗಾಳಿಯಷ್ಟೇ ಒತ್ತಡ ಇನ್ನೊಂದು ಪಾಲು ಸೇರುತ್ತೆ. 250 ಮೀಟರ್ ಕೆಳಗೆ ಅಂಗೈ ಅಗಲದ ಜಾಗದ ಮೇಲೆ ಸುಮಾರು ಎರಡೂವರೆ ಟನ್ ಭಾರ. ಮಗನಿಗೆ ಟನ್ ಅರ್ಥ ಆಗಲಿಲ್ಲ, "ನಿನ್ನ ಕೈ ಮೇಲೆ ಎರಡು ಕಾರು" ಅಂದೆ. ಕೈ ಹಿಂದಕ್ಕೆ ಎಳೆದುಕೊಂಡ.

ಹಾಗಾದರೆ ಹೊರಗೆ ಏನಿದೆ ಅಂತ ಹೇಗೆ ಗೊತ್ತಾಗುತ್ತೆ? ನೀರಿನ ಮೇಲಕ್ಕೆ ಚಾಚಿ ನೋಡೋ ಉದ್ದನೆಯ ಕೊಳವೆ, ಪೆರಿಸ್ಕೋಪ್, ಇದೆ, ಆದರೆ ಅದು ನೀರಿನ ಮೇಲ್ಮೈ ಹತ್ತಿರ ಬಂದಾಗ ಮಾತ್ರ. ಆಳದಲ್ಲಿ ಕಿವಿಯೇ ಕಣ್ಣು. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗೋ ಶಬ್ದ ಸಮುದ್ರದ ನೀರಲ್ಲಿ ಹತ್ತಿರ ಹತ್ತಿರ 1,500 ಮೀಟರ್ ಹೋಗುತ್ತೆ. ಸೋನಾರ್ ಕೋಣೆಯಲ್ಲಿ ಕೂತವರ ಕೆಲಸ ಬರೀ ಕೇಳೋದು. ಆ ಹಿರಿಯರು ಎಲ್ಲರನ್ನೂ ಸುಮ್ಮನಿರಿಸಿ ಲೋಹದ ಗೋಡೆಗೆ ಬೆರಳಿನಿಂದ ಟಕ್ ಅಂತ ಬಡಿದರು. ಆ ಇಕ್ಕಟ್ಟಿನಲ್ಲಿ ಅಷ್ಟು ಸಣ್ಣ ಸದ್ದೂ ಎಷ್ಟು ದೊಡ್ಡದು ಅಂತೀರಿ! "ಒಂದು ಚಮಚ ಬಿದ್ದರೂ ಬೈಗುಳ" ಅಂದರು. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಆ ಒಂದು ಟಕ್.

ಮಗಳಿಗೆ ಬೇಕಾಗಿದ್ದದ್ದು ಬೇರೆ. ಎಲ್ಲಿ ಮಲಗ್ತಾರೆ, ಸ್ನಾನ ಹೇಗೆ, ಕಕ್ಕಸು ಎಲ್ಲಿ. ಎಪ್ಪತ್ತಕ್ಕೂ ಜಾಸ್ತಿ ಜನ ಇದರೊಳಗೆ ದಿನಗಟ್ಟಲೆ ಇರುತ್ತಿದ್ದರು. ಸಿಹಿನೀರು ಕಮ್ಮಿ, ಸ್ನಾನದ ಮಾತೇ ಬೇಡ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ಆದ್ದರಿಂದ ಆಳದಲ್ಲಿ ಬ್ಯಾಟರಿ ಮೇಲೆ ಓಡಿಸಿ, ಚಾರ್ಜ್ ಮಾಡೋಕೆ ಮತ್ತೆ ಮೇಲೆ ಬರಬೇಕು. "ಫೋನ್ ಥರಾನೇ" ಅಂದಳು.

ಹೊರಗೆ ಬಂದ ಮೇಲೆ ಅವಳೇ ತಮ್ಮನಿಗೆ ಸಮಾಧಾನ ಮಾಡಿದಳು. ನಮ್ಮವರು ಚೆನ್ನೈನಲ್ಲಿ ಮತ್ಸ್ಯ 6000 ಅಂತ ಒಂದು ಮಾಡ್ತಾ ಇದಾರೆ, ಮೂರು ಜನ ಕೂರೋ ಟೈಟಾನಿಯಂ ಗೋಳ, 6,000 ಮೀಟರ್ ಆಳಕ್ಕೆ ಹೋಗೋಕೆ ಅಂತಾನೇ, ಅದರಲ್ಲಿ ಪುಟ್ಟ ಕಿಟಕಿ ಇರುತ್ತೆ ಅಂತ. ಆದರೆ ಅಲ್ಲಿ ಸೂರ್ಯನ ಬೆಳಕು ಒಂದಿಷ್ಟೂ ತಲುಪಲ್ಲ, ಲೈಟು ಹಾಕಿದರೆ ಮಾತ್ರ ಏನಾದರೂ ಕಾಣೋದು. "ಟಾರ್ಚ್ ತಗೊಂಡು ಹೋಗ್ತೀನಿ" ಅಂದ ಇವನು.

ರಸ್ತೆ ದಾಟಿದರೆ ಟಿಯು-142 ವಿಮಾನದ ಮ್ಯೂಸಿಯಂ. ಅದರ ಕೆಲಸವೇ ಸಬ್‌ಮರೀನ್ ಹುಡುಕೋದು, ನೀರಿಗೆ ಸೋನೋಬಾಯ್ ಅನ್ನೋ ಕಿವಿಗಳನ್ನು ಎಸೆದು ಕೇಳಿಸಿಕೊಳ್ಳೋದು. ಬೇಟೆಗಾರನನ್ನೂ ಬೇಟೆಯನ್ನೂ ಎದುರುಬದುರು ನಿಲ್ಲಿಸಿದ್ದಾರಲ್ಲ, ತಮಾಷೆ ಅಲ್ವಾ? ಮಕ್ಕಳಿಗೆ ಅಷ್ಟರಲ್ಲಿ ಸುಸ್ತಾಗಿತ್ತು, ಬೇಗ ಮುಗಿಸಿದೆವು.

ವಾಪಸ್ ರೈಲಿನಲ್ಲಿ ಮಗ ಕಿಟಕಿ ಸೀಟನ್ನು ಅಕ್ಕನಿಗೆ ಕೊಟ್ಟು ಮೇಲಿನ ಬರ್ತ್ ಹತ್ತಿದ. ಲೈಟು ಆರಿದ ಮೇಲೆ ನೋಡಿದರೆ ಗೋಡೆಗೆ ಕಿವಿ ಒತ್ತಿ ಮಲಗಿದ್ದಾನೆ. ರೈಲಿನ ಸದ್ದು ಬದಲಾಯಿತು. "ಸೇತುವೆ!" ಅಂತ ಕೂಗಿದ. ಕೆಳಗಿನ ಬರ್ತಿನವರು ಸುಮ್ನೆ ಮಲಗಪ್ಪಾ ಅಂದರು. ನಾನು ಕಿಟಕಿಯಿಂದ ನೋಡಿದೆ, ಕತ್ತಲಲ್ಲಿ ಏನೂ ಕಾಣಲಿಲ್ಲ.