ವಾಚ್ ಕೇಸಿನ ಗೀರಿಗೆ ನುಣ್ಣನೆ ಪೇಪರ್ ಎಲ್ಲಿ ಸಿಗುತ್ತೆ?

ಹಳೆ ಎಚ್‌ಎಂಟಿ ವಾಚಿನ ಸ್ಟೀಲ್ ಕೇಸ್ ಪಾಲಿಶ್ ಮಾಡೋಣ ಅಂತ ಹೊರಟರೆ ಮೊದಲ ತಲೆನೋವು ಸಾಮಾನು ಹುಡುಕುವುದೇ. ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಎಮರಿ ಪೇಪರ್ ಕೇಳಿದರೆ ಹೆಚ್ಚಾಗಿ 400 ನಂಬರಿನ ಆಸುಪಾಸಿನದ್ದೇ ಕೈಗೆ ಬರುತ್ತದೆ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ಇಷ್ಟು ಚಿಕ್ಕ ಕೇಸಿಗೆ ಅದು ತೀರಾ ಒರಟು.

ಕಾರ್ ಪೇಂಟ್ ಮಾರುವ ಅಂಗಡಿಗೆ ಹೋಗಿ. ಬೆಂಗಳೂರಿನವರು ಜೆ.ಸಿ. ರಸ್ತೆ ಕಡೆ ವಿಚಾರಿಸಿ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ ಪೇಪರ್) 1000, 1500, 2000 ಅಂತ ಕೇಳಿ, ಹಾಳೆಯ ಹಿಂದೆ ನಂಬರ್ ಅಚ್ಚಾಗಿದೆಯಾ ನೋಡಿಯೇ ತಗೊಳ್ಳಿ. ನಂಬರ್ ಇಲ್ಲದ್ದು ಸುಮ್ನೆ ಕೊಟ್ಟರೂ ಬೇಡ.

ಪೇಪರನ್ನು ದಪ್ಪ ಗಾಜಿನ ಮೇಲೆ ಇಟ್ಟು, ಒಂದೆರಡು ಹನಿ ಸೋಪಿನ ನೀರು ಹಾಕಿ, ಕೇಸನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ (ಒಳಗಿನ ಮೆಷಿನ್ ಮೊದಲೇ ಹೊರಗೆ ತೆಗೆದಿಟ್ಟಿರಬೇಕು, ಅಲ್ವಾ). ಮುಂದಿನ ನಂಬರಿಗೆ ಹೋಗುವಾಗ ಚೆನ್ನಾಗಿ ತೊಳೆದು, ಈ ಸಲ ಅಡ್ಡಕ್ಕೆ ಉಜ್ಜಿ, ಆಗ ಹಿಂದಿನ ಗೆರೆ ಇನ್ನೂ ಉಳಿದಿದ್ದರೆ ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ. ಉಳಿದಿದ್ದರೆ ಮುಂದೆ ಹೋಗಲೇಬೇಡಿ. ಅಂಚು ಉರುಟಾದರೆ ಕೇಸಿನ ಅಂದವೇ ಹೋಯಿತು, ಅದು ವಾಪಸ್ ಬರುವುದಿಲ್ಲ.

2000 ನಂಬರಿನ (ಪಿ2000) ಪೇಪರಿನ ಕಣ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕನ್ನಡಿ ಹೊಳಪು ಬೇಕಾದರೆ ಅದು ಸಾಲದು. ಆಮೇಲೆ ಡೈಮಂಡ್ ಪೇಸ್ಟ್ ಬೇಕು, 6, 3, 1 ಮೈಕ್ರಾನ್ ಹೀಗೆ. ಡೈ (ಲೋಹದ ಅಚ್ಚು) ಪಾಲಿಶ್ ಮಾಡುವವರು ಬಳಸುವುದು ಇದನ್ನೇ, ಸಣ್ಣ ಸಿರಿಂಜಿನಲ್ಲಿ ಬರುತ್ತದೆ. ಒಂದೊಂದು ಪೇಸ್ಟಿಗೂ ಬೇರೆ ಬಟ್ಟೆ ಇಟ್ಟುಕೊಳ್ಳಿ. ಅಕ್ಕಸಾಲಿಗರ ಸಾಮಾನಿನ ಅಂಗಡಿಯ ಕೆಂಪು ರೂಜ್ (ಒಂದು ಬಗೆಯ ಪಾಲಿಶ್ ಕಾಂಪೌಂಡ್) ಚಿನ್ನ, ಬೆಳ್ಳಿಗೆ ಸರಿ. ಸ್ಟೀಲಿಗೆ ಹಸಿರು ಕಾಂಪೌಂಡ್ ಕೇಳಿ.